ಅಟ್ಟದ ಮೇಲಿನ ಉಂಡೆ ಡಬ್ಬಿ

(ಗುರುತು ಸಿಗಬಾರದೆಂದು ಹೆಸರು ಮತ್ತು ಮನೆಯ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಉಡುಪಿ ಹತ್ತಿರದ ಹಳ್ಳಿಯ 63 ವರ್ಷದ ಹೆಂಗಸು. ಇಲ್ಲಿ ಪದ್ಮಕ್ಕ ಎನ್ನುತ್ತೇನೆ. ಗಂಡ ತೀರಿಕೊಂಡು ಒಂದೂವರೆ ವರ್ಷ, ಮನೆಯಲ್ಲಿ ಒಬ್ಬರೇ. ಬೆಂಗಳೂರಿನ ಮಗ ರಜೆ ಹಾಕಿ, ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಕರೆದುಕೊಂಡು ಬಂದಿದ್ದ. ಎಂಟು ತಿಂಗಳಲ್ಲಿ ಮೂರು ಸಲ ಇನ್ಸುಲಿನ್ ಏರಿಸಿದರೂ ಸಕ್ಕರೆ ಹತೋಟಿಗೆ ಬರುತ್ತಿರಲಿಲ್ಲ. "ಪಥ್ಯ ಪಾಲಿಸುತ್ತಿಲ್ಲ, ಆಪ್ತಸಲಹೆ ಬೇಕು" ಎಂದು ವೈದ್ಯರು ಬರೆದುಕೊಟ್ಟಿದ್ದರು.

"ಕದ್ದು ತಿಂತಾರೆ ಮೇಡಂ. ಅಷ್ಟಮಿಯ ಉಂಡೆ ಡಬ್ಬಿ ಅಟ್ಟದ ಮೇಲೆ ಸಿಕ್ಕಿತು" ಎಂದ ಮಗ. ಪದ್ಮಕ್ಕ ಮಾತಾಡಲಿಲ್ಲ.

ಮೊದಲ ಎರಡು ಭೇಟಿಯಲ್ಲಿ ನಾನೂ ಊಟದ ಲೆಕ್ಕವನ್ನೇ ಕೇಳಿದೆ. ಬೆಳಿಗ್ಗೆ ಎಷ್ಟು ನೀರುದೋಸೆ, ಚಹಕ್ಕೆ ಎಷ್ಟು ಸಕ್ಕರೆ. ಮನೆಯಲ್ಲಿ ಆಗುತ್ತಿದ್ದ ವಿಚಾರಣೆಯನ್ನೇ ನಾನೂ ಮುಂದುವರಿಸಿದ್ದೆ ಎಂಬುದು ಈಗಲೂ ನನ್ನನ್ನು ಕಾಡುತ್ತದೆ. ಮೂರನೆಯ ಸಲ ಮಗನನ್ನು ಹೊರಗೆ ಕೂರಿಸಿ, "ಪದ್ಮಕ್ಕ, ಇಂಜೆಕ್ಷನ್ ಹೇಗೆ ತಗೊಳ್ತೀರಿ, ಒಮ್ಮೆ ತೋರಿಸಿ" ಎಂದೆ.

ಅವರ ಕೈ ನೇರ ಹೊಕ್ಕುಳಿನ ಬಲಕ್ಕೆ ಹೋಯಿತು. ಅಲ್ಲಿ ನಿಂಬೆಹಣ್ಣಿನಷ್ಟು ಮೆತ್ತನೆಯ ಗಡ್ಡೆ.

"ಯಾವಾಗಲೂ ಇಲ್ಲಿಗೇನಾ?"

"ಇಲ್ಲಿ ನೋವೇ ಆಗುದಿಲ್ಲ. ಇವರು ಇದ್ದಾಗ ಇವರೇ ಹಾಕ್ತಿದ್ರು, ಮಂಚದ ಬಲಗಡೆ ಕೂತು. ನನಗೆ ಯಾರೂ ಕಲಿಸ್ಲಿಲ್ಲ. ಇವರ ಕೈ ನೋಡಿದ್ದೇ ನೆನಪು."

ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ ಚರ್ಮದಡಿಯ ಕೊಬ್ಬು ಬೆಳೆದು ಹೀಗೆ ಗಡ್ಡೆಯಾಗುತ್ತದೆ. ಒಂದೇ ಸೂಜಿಯನ್ನು ದಿನಗಟ್ಟಲೆ ಬಳಸುವವರಲ್ಲಿ ಇದು ಇನ್ನೂ ಹೆಚ್ಚು. ಪದ್ಮಕ್ಕ ಒಂದು ಸಿರಿಂಜ್ ಅನ್ನು ವಾರವಿಡೀ ನಡೆಸುತ್ತಿದ್ದರು. ಗಡ್ಡೆಗೆ ಚುಚ್ಚಿದರೆ ನೋವು ಕಡಿಮೆ, ಹಾಗಾಗಿ ಕೈ ಅಲ್ಲಿಗೇ ಹೋಗುತ್ತದೆ. ಆದರೆ ಅಲ್ಲಿಂದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ದಿನ ಸಕ್ಕರೆ ಏರಿಯೇ ಇರುತ್ತದೆ, ಇನ್ನೊಂದು ದಿನ ಹೊತ್ತಲ್ಲದ ಹೊತ್ತಿಗೆ ಧಡಕ್ಕನೆ ಇಳಿಯುತ್ತದೆ.

ಇಳಿಯುವ ಮಾತು ಬಂದಾಗ ಅವರು ತಲೆ ಎತ್ತಿದರು. "ಮಧ್ಯಾಹ್ನ ಕೆಲವು ಸಲ ಮೈಯೆಲ್ಲ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬರ್ತದೆ. ಆಗ ಒಂದು ಉಂಡೆ ತಿಂದ್ರೆ ಸರಿ ಆಗ್ತದೆ. ಅದಕ್ಕೇ ಇಟ್ಟುಕೊಂಡದ್ದು. ಇವನಿಗೆ ಹೇಳಿದ್ರೆ ನಂಬುದಿಲ್ಲ."

ಕಳ್ಳತನ ಎಂದು ಮನೆಯವರು ಹೇಳುತ್ತಿದ್ದದ್ದು ಅವರು ತಮಗೆ ತಾವೇ ಕಂಡುಕೊಂಡ ಚಿಕಿತ್ಸೆ!

ನಾನು ವೈದ್ಯೆಯಲ್ಲ. ಅವತ್ತೇ ವೈದ್ಯರಿಗೆ ಫೋನ್ ಮಾಡಿದೆ. ಏಕೆಂದರೆ ಇಲ್ಲಿ ಒಂದು ದೊಡ್ಡ ಅಪಾಯವಿದೆ: ಗಡ್ಡೆಗೆ ಹಾಕುತ್ತಿದ್ದಷ್ಟೇ ಡೋಸನ್ನು ಒಳ್ಳೆಯ ಚರ್ಮಕ್ಕೆ ಹಾಕಿದರೆ ಅದು ಪೂರ್ತಿ ಕೆಲಸ ಮಾಡಿ ಸಕ್ಕರೆ ತೀರಾ ಕುಸಿಯಬಹುದು. ಜಾಗ ಬದಲಿಸುವ ಮೊದಲು ಡೋಸ್ ಇಳಿಸಬೇಕು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಅವರು ಇಳಿಸಿದರು, ಕೆಲವು ದಿನ ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಲು ಹೇಳಿದರು.

ಮರುದಿನ ಆಸ್ಪತ್ರೆಯ ನರ್ಸ್ ಜೊತೆ ಕೂತು ಮೊದಲಿಂದ ಕಲಿಸಿದೆವು. ಕೈ ಸೋಪಿನಲ್ಲಿ ತೊಳೆಯುವುದು. ಅವರದು ಬಿಳಿಯಾಗಿ ಮಸುಕಾಗಿರುವ ಇನ್ಸುಲಿನ್, ಸೀಸೆಯನ್ನು ಕುಲುಕದೆ ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು. ಸಿರಿಂಜಿನ ಮುಚ್ಚಳದ ಬಣ್ಣ ನೋಡಲೇಬೇಕು. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನದಕ್ಕೆ ಕಿತ್ತಳೆ. ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟಾಗಬಹುದು, ಇಲ್ಲವೇ ಅರ್ಧಕ್ಕಿಂತ ಕಮ್ಮಿ. ಹೊಕ್ಕುಳಿನಿಂದ ಎರಡು ಇಂಚು ಬಿಟ್ಟು, ಎರಡು ಬೆರಳಲ್ಲಿ ಚರ್ಮವನ್ನು ಹಗುರಾಗಿ ಎತ್ತಿ ಹಿಡಿದು ಚುಚ್ಚಿ, ಮೆಲ್ಲಗೆ ಒತ್ತಿ, ಹತ್ತು ಎಣಿಸಿ ಸೂಜಿ ತೆಗೆಯುವುದು. ಆಮೇಲೆ ಉಜ್ಜಬಾರದು. ಪ್ರತಿ ಸಲ ಹೊಸ ಸೂಜಿ. ಎಡ ಹೊಟ್ಟೆಗೆ ಮೊದಲ ಸಲ ಚುಚ್ಚಿಕೊಂಡಾಗ ಅವರ ಕಣ್ಣಲ್ಲಿ ನೀರು ಬಂತು. ನೋವಿಗೋ, ಹಳೆಯ ಜಾಗ ಬಿಟ್ಟದ್ದಕ್ಕೋ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ನೆನಪಿಗೆ ಗೋಡೆಯ ಕ್ಯಾಲೆಂಡರ್ ಬಳಸಲು ಹೇಳಿದೆ. ಬಲಬದಿಯ ಗಡ್ಡೆ ಕರಗುವವರೆಗೆ ಅದರ ತಂಟೆಗೆ ಹೋಗದೆ ಒಂದು ವಾರ ಎಡ ಹೊಟ್ಟೆ, ಮುಂದಿನ ವಾರ ಎಡ ತೊಡೆಯ ಹೊರಬದಿ, ಆಮೇಲೆ ಬಲ ತೊಡೆ. ನಿನ್ನೆಯ ಜಾಗದಿಂದ ಒಂದು ಬೆರಳು ಆಚೆ. ತಾರೀಕುಗಳಿಗೆ ಗುರುತು ಹಾಕುತ್ತಾ ಹೋದಂತೆ ಏಕಾದಶಿ ಬಂತು.

"ಅವತ್ತು ಇಂಜೆಕ್ಷನ್?"

"ಹಾಕಿಕೊಂಡೇ ಪೂಜೆಗೆ ಕೂರ್ತೇನೆ. ನೀರೂ ಇಲ್ಲ."

ನನ್ನ ಎದೆ ಧಸಕ್ಕೆಂದಿತು. ಇಷ್ಟು ದಿನ ಗಡ್ಡೆಯೇ ಅವರನ್ನು ಅರ್ಧ ಕಾಪಾಡಿತ್ತೋ ಏನೋ. ಉಪವಾಸದ ದಿನ ಪೂರ್ತಿ ಡೋಸ್ ಅಪಾಯ, ಪೂರ್ತಿ ಬಿಡುವುದೂ ಅಪಾಯ. ಮೊದಲೇ ವೈದ್ಯರನ್ನು ಕೇಳಲೇಬೇಕು. ವ್ರತ ಬಿಡಿ ಎಂದು ನಾನು ಹೇಳಲಿಲ್ಲ. "ಅನಾರೋಗ್ಯದವರಿಗೆ ವಿನಾಯಿತಿ ಉಂಟಲ್ವಾ" ಎಂದು ಅವರೇ ಎಂದರು. ಈಗ ಅವಲಕ್ಕಿ, ಹಾಲು, ಹಣ್ಣು ತಗೊಳ್ಳುತ್ತಾರೆ, ಆ ದಿನದ ಡೋಸನ್ನು ವೈದ್ಯರು ಬರೆದುಕೊಟ್ಟಿದ್ದಾರೆ.

ಬಳಸಿದ ಸೂಜಿಗಳನ್ನು ಅವರು ಬಚ್ಚಲ ಒಲೆಗೆ ಹಾಕುತ್ತಿದ್ದರು. ಪ್ಲಾಸ್ಟಿಕ್ ಸುಟ್ಟುಹೋಗುತ್ತದೆ, ಸೂಜಿ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿ ಮಲ್ಲಿಗೆ ಗಿಡದ ಬುಡಕ್ಕೆ, ಅಲ್ಲಿ ನಸುಕಿಗೆ ಹೂ ಕೊಯ್ಯುವ ಬರಿಗೈ. ಗಟ್ಟಿ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ, ಮುಚ್ಚಳ ಬಿಗಿದು ಆಸ್ಪತ್ರೆಗೆ ತರಲು ಹೇಳಿದೆ. 2016ರ ಘನತ್ಯಾಜ್ಯ ನಿಯಮಗಳೇ ಮನೆಯ ಸೂಜಿ, ಸಿರಿಂಜನ್ನು ಅಪಾಯಕಾರಿ ಕಸವೆಂದು ಎಣಿಸಿದ್ದವು.

ಕೊನೆಗೆ ಮಗ. ಅವನು ಕೆಟ್ಟವನಲ್ಲ, ದೂರದಲ್ಲಿದ್ದು ಹೆದರಿದವನು. ಎಲ್ಲವನ್ನೂ ತಾಯಿಯ ಎದುರೇ ಹೇಳಿದೆ. ಫೋನಿನಲ್ಲಿ "ಏನು ತಿಂದೆ?" ಎಂದು ಕೇಳುವ ಬದಲು "ಇವತ್ತು ಯಾವ ಕಡೆ ಹಾಕಿಕೊಂಡೆ?" ಎಂದು ಕೇಳು ಎಂದೆ. ಮಂಚದ ಪಕ್ಕ ಒಂದು ಸಕ್ಕರೆ ಡಬ್ಬಿ ಇರಲೇಬೇಕು: ಬೆವರು, ನಡುಕ ಬಂದರೆ, ಇಲ್ಲವೇ ಸಕ್ಕರೆ 70ಕ್ಕಿಂತ ಇಳಿದರೆ ಮೂರು ಚಮಚ ನೀರಲ್ಲಿ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಉಂಡೆಯಲ್ಲಿ ತುಪ್ಪವಿರುವುದರಿಂದ ಅದು ನಿಧಾನ. ಅವನು ಬಹಳ ಹೊತ್ತು ನೆಲ ನೋಡಿದ. ಆಮೇಲೆ "ಅಮ್ಮಾ, ನನಗೆ ಹೇಳಬಹುದಿತ್ತಲ್ಲಾ" ಎಂದ. "ಹೇಳಿದ್ದೆ ಮಗಾ" ಎಂದರು ಪದ್ಮಕ್ಕ.

ಐದು ತಿಂಗಳಾಯಿತು. ಗಡ್ಡೆ ಅರ್ಧ ಕರಗಿದೆ, ಮಧ್ಯಾಹ್ನದ ನಡುಕ ನಿಂತಿದೆ. ಮೊನ್ನೆ ಮಗ ಊರಿಗೆ ಬಂದಾಗ ಮಂಚದ ಪಕ್ಕದ ಡಬ್ಬಿಗೆ ಇರುವೆ ಹತ್ತಿತ್ತಂತೆ. ಅವನೇ ತೊಳೆದು ಒಣಗಿಸಿ, ಹೊಸ ಸಕ್ಕರೆ ತುಂಬಿಸಿಟ್ಟು ಹೋದ.