ಅಮ್ಮ, ಅಜ್ಜಿ ಇಬ್ಬರಿಗೂ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇತ್ತು. ನನಗೀಗ 42, ಹೆಸರುಗಳು ಮರೆಯುತ್ತಿವೆ. ನನಗೂ ಶುರುವಾಯಿತಾ?

ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ, ಗ್ಯಾಸ್ ಆಫ್ ಮಾಡಿದೆನಾ ಅಂತ ಎರಡೆರಡು ಸಲ ನೋಡುತ್ತೇನೆ, ರಾತ್ರಿ ನಿದ್ದೆ ಇಲ್ಲ ಎಂದು ಬರೆದಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಇದ್ದೆ. ನನ್ನದು ಇನ್ನೂ ಜಾಸ್ತಿ. ಮಲಗುವ ಮುಂಚೆ ಏಳನೇ ಕ್ಲಾಸಿನ ಹಾಜರಿ ಪಟ್ಟಿಯನ್ನು ಮನಸ್ಸಲ್ಲೇ ಕೂಗುತ್ತಿದ್ದೆ. ಒಂದು ಹೆಸರು ತಪ್ಪಿದರೂ ಎದೆ ಧಸಕ್ ಅನ್ನುತ್ತಿತ್ತು.

ನಮ್ಮಮ್ಮನಿಗೆ ಶುರುವಾಗಿದ್ದು 71ಕ್ಕೆ. ಮೊದಲು ತಪ್ಪಿದ್ದು ಹೆಸರಲ್ಲ, ಚೀಟಿ ಲೆಕ್ಕ. ಇಪ್ಪತ್ತು ವರ್ಷ ಬೀದಿಯ ಹೆಂಗಸರ ಚೀಟಿ ನಡೆಸಿದವಳು, ಹತ್ತು ರೂಪಾಯಿ ಆಚೀಚೆ ಮಾಡಿದವಳಲ್ಲ. ಒಂದು ತಿಂಗಳು ಪಕ್ಕದ ಮನೆಯವರ ಹತ್ತಿರ ಎರಡು ಸಲ ಕಂತು ಕೇಳಿದಳು. ಪುಸ್ತಕ ತೋರಿಸಿದರೆ "ಇದು ನಾನು ಬರೆದಿದ್ದೇ ಅಲ್ಲ" ಅಂದುಬಿಟ್ಟಳು. ಅವಳಿಗೆ ಚಿಂತೆಯೇ ಇಲ್ಲ, ಚಿಂತೆಯೆಲ್ಲ ನಮಗೆ. ಅರವತ್ತಕ್ಕೆ ಅರಳು ಮರಳು ಅಂತ ನೆಂಟರು ನಕ್ಕರು. ನಾವೂ ಎರಡು ವರ್ಷ ಸುಮ್ನೆ ಕಳೆದೆವು. ಅದು ಈಗಲೂ ಚುಚ್ಚುತ್ತದೆ.

ಅದಕ್ಕೇ ಹೇಳುತ್ತೇನೆ, ಡಾಕ್ಟರ್ ಹತ್ತಿರ ಒಬ್ಬರೇ ಹೋಗಬೇಡಿ. ನನ್ನ ನ್ಯೂರಾಲಜಿಸ್ಟ್ ನನ್ನ ಗೋಳನ್ನು ಐದು ನಿಮಿಷ ಕೇಳಿ, ಯಜಮಾನರ ಕಡೆ ತಿರುಗಿದರು. ಕೇಳಿದ್ದನ್ನೇ ಕೇಳ್ತಾರಾ? ಗೊತ್ತಿರೋ ದಾರಿ ತಪ್ತಾರಾ? ಬ್ಯಾಂಕು, ಅಡುಗೆಯಲ್ಲಿ ಎಡವಟ್ಟು ಆಗ್ತಿದೆಯಾ? "ಹತ್ತು ವರ್ಷದ ಹಿಂದಿನ ಜಗಳವನ್ನೂ ತಾರೀಖಿನ ಸಮೇತ ಹೇಳ್ತಾಳೆ" ಎಂದರು ಇವರು. ಆಮೇಲೆ ಪರೀಕ್ಷೆ. ಗಡಿಯಾರ ಬರೆಯಬೇಕು, 100ರಿಂದ ಏಳೇಳು ಕಳೆಯುತ್ತಾ ಹೋಗಬೇಕು, ಮೊದಲೇ ಹೇಳಿದ ಐದು ಪದ ಕೊನೆಗೆ ಹೇಳಬೇಕು. 79 ಆದಮೇಲೆ ನಾನು ತಡವರಿಸಿದೆ. ಆದರೂ 30ಕ್ಕೆ 27 ಬಂತು. ನೀವು ಕನ್ನಡದಲ್ಲೇ ಮಾಡಿ ಅಂತ ಕೇಳಿ. ಗಾಬರಿಯಲ್ಲಿ ಇಂಗ್ಲಿಷ್ ಪದ ಯಾರಿಗೆ ನೆನಪಿರುತ್ತದೆ?

ಕೊನೆಗೆ ಸಿಕ್ಕಿದ್ದು ರಕ್ತದಲ್ಲಿ. ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು, ವಿಟಮಿನ್ ಬಿ12 ಪಾತಾಳಕ್ಕೆ ಇಳಿದಿತ್ತು. ಇಂಜೆಕ್ಷನ್ ತಗೊಂಡೆ, ನಿದ್ದೆ ಸರಿಮಾಡಿಕೊಂಡೆ, ಮೂರ್ನಾಲ್ಕು ತಿಂಗಳಲ್ಲಿ ತಲೆ ತಿಳಿಯಾಯಿತು. ಥೈರಾಯ್ಡ್, ಖಿನ್ನತೆ, ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವುದು, ಮುಟ್ಟು ನಿಲ್ಲುವ ಕಾಲ, ಇವೆಲ್ಲಕ್ಕೂ ಮರೆವು ಬರುತ್ತದೆ. ಹಾಗಂತ ಗಾಬರಿ ಇದ್ದವರಿಗೆ ಕಾಯಿಲೆ ಇರುವುದೇ ಇಲ್ಲ ಅಂತ ನಾನು ಹೇಳಲಾರೆ. ತೋರಿಸಿಕೊಳ್ಳಿ.

ವಂಶದ ಮಾತಿಗೆ ಬಂದರೆ, ಡಿಮೆನ್ಶಿಯಾದಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ಸ್; ಅದರಲ್ಲಿ ಒಂದೇ ಜೀನ್‌ನಿಂದ ನೇರವಾಗಿ ಮಕ್ಕಳಿಗೆ ಇಳಿಯುವಂಥದ್ದು ಬಹಳ ಅಪರೂಪ, ನೂರಕ್ಕೆ ಒಂದಕ್ಕಿಂತ ಕಡಿಮೆ. ಅದು ಸಾಮಾನ್ಯವಾಗಿ 65ಕ್ಕೆ ಮುಂಚೆಯೇ ಶುರುವಾಗುತ್ತದೆ. ಅಮ್ಮನಿಗೆ ಇಳಿವಯಸ್ಸಿನಲ್ಲಿ ಬಂದದ್ದಾದರೆ ಮಕ್ಕಳಾದ ನಮಗೆ ಅಪಾಯ ಸ್ವಲ್ಪ ಜಾಸ್ತಿ, ಅಷ್ಟೇ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಕಿವಿ ಮಂದವಾಗುವುದು ಸೇರಿ ಅಪಾಯ ಹೆಚ್ಚಿಸುವ 14 ಅಂಶ ಹೆಸರಿಸಿತು. ಇವನ್ನು ನೋಡಿಕೊಂಡರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬ ಅಂದಾಜು. ಅವತ್ತಿಂದ ನಾನು ಬಿಪಿ ಮಾತ್ರೆ ತಪ್ಪಿಸಿಲ್ಲ. ರಾತ್ರಿ ಚಿಂತೆ ತೀರಾ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮನಿಗೆ, ಅಜ್ಜಿಗೆ ಎಷ್ಟನೇ ವಯಸ್ಸಿಗೆ ಶುರುವಾಯಿತು ಅಂತ ನೀವು ಬರೆದಿಲ್ಲ. ಸೋದರಮಾವನೋ ದೊಡ್ಡಮ್ಮನೋ ಇದ್ದರೆ ಕೇಳಿ ಬರೆದಿಟ್ಟುಕೊಳ್ಳಿ. ನನಗೆ ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು.