ಕಾಯಿ ತುರಿಯುವ ಯಂತ್ರ ಮತ್ತು ಕೈಗವಸು

ಮುಂಬಯಿಯ ಘಾಟ್‌ಕೋಪರಿನಿಂದ ಉಡುಪಿ ಹೋಟೆಲೊಂದರ ಮ್ಯಾನೇಜರ್ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಬೆಳಗಿನ ಚಟ್ನಿಗೆ ಕಾಯಿ ತುರಿಯುತ್ತಿದ್ದ ಹುಡುಗನ ಎರಡು ಬೆರಳುಗಳಿಗೆ ಯಂತ್ರದಿಂದ ಆಳವಾದ ಗಾಯವಾಗಿದೆ. ‘ಅವನದೇ ಅಜಾಗರೂಕತೆ’ ಎಂದ ಮಾಲೀಕರು ಎಲ್ಲರಿಗೂ ಬಟ್ಟೆಯ ಕೈಗವಸು ತರಿಸಿ, ಗೋಡೆಗೆ ಎಚ್ಚರಿಕೆಯ ಫಲಕ ಹಾಕಿಸಿದ್ದಾರೆ. ಇಷ್ಟು ಸಾಕೇ, ಅಡುಗೆಮನೆಯಲ್ಲಿ ಇನ್ನೇನು ನೋಡಬೇಕು ಎಂಬುದು ಪ್ರಶ್ನೆ.

ಸಂಪಾದಕರ ಉತ್ತರ:

ಸಾಲದು. ಆ ಕೈಗವಸು ತೊಟ್ಟು ಯಾರೂ ಯಂತ್ರದ ಹತ್ತಿರ ಹೋಗಬಾರದೆಂದು ಇವತ್ತೇ ಹೇಳಿಬಿಡಿ. ತಿರುಗುವ ಬ್ಲೇಡಿಗೆ ಚರ್ಮ ತಾಗಿದರೆ ಗಾಯವಾಗುತ್ತದೆ. ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಉಂಗುರ, ಕೈದಾರ, ಸಡಿಲ ತೋಳಿನ ಅಂಗಿಗೂ ಇದೇ ಮಾತು.

ಬೆಳಿಗ್ಗೆ ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿ. ಕಡಿಯಲ್ಲಿ, ಅಂದರೆ ಒಡೆದ ಅರ್ಧ ಹೋಳಿನಲ್ಲಿ, ಕಾಯಿ ತುಂಬಿರುವಾಗ ಹಿಡಿತ ಗಟ್ಟಿಯಾಗಿರುತ್ತದೆ. ತುರಿಯುತ್ತ ಹೋದಂತೆ ಗೆರಟೆ ಬರಿದಾಗುತ್ತದೆ, ಕೈ ಕಾಯಿಹಾಲಿನಿಂದ ಒದ್ದೆಯಾಗುತ್ತದೆ. ಅಂಚಿನ ಬಿಳಿಯೂ ಪೋಲಾಗಬಾರದೆಂದು ಹುಡುಗ ಗೆರಟೆಯನ್ನು ಓರೆ ಮಾಡಿ ಒತ್ತುತ್ತಾನೆ. ಕೈ ಜಾರುವುದು ಆಗಲೇ. ಅಷ್ಟು ತುರಿಯನ್ನೂ ಬಿಡಬೇಡ ಎಂದು ಗದರಿದವರು ಯಾರು? ಇದನ್ನು ಅಜಾಗರೂಕತೆ ಎನ್ನಲು ನಾನು ಒಪ್ಪುವುದಿಲ್ಲ.

ಅಪಾಯವನ್ನು ಬುಡದಲ್ಲೇ ಕಿತ್ತುಹಾಕಲು ಸಾಧ್ಯವೇ ಎಂದು ಮೊದಲು ಕೇಳಬೇಕು. ತುರಿದ ಕಾಯಿಯನ್ನೇ ತರಿಸಬಹುದೇ? ಆಗದಿದ್ದರೆ, ಚೂರುಗಳನ್ನು ಮೇಲಿನಿಂದ ಹಾಕುವ, ಬ್ಲೇಡು ಪೂರ್ತಿ ಮುಚ್ಚಿರುವ ಯಂತ್ರ ಕೊಳ್ಳಬಹುದೇ? ಹಳೆಯದೇ ಇರಲಿ ಎಂದಾದರೆ ಬ್ಲೇಡಿಗೆ ಕವಚ ಬೇಕು, ಕಾಲು ತೆಗೆದರೆ ನಿಲ್ಲುವ ಸ್ವಿಚ್ ಬೇಕು. ಅಂಚು ಬಿಟ್ಟು ತುರಿಯುವುದು, ತೊಳೆಯುವ ಮೊದಲು ಪ್ಲಗ್ ಕೀಳುವುದು ಮುಂತಾದ ನಿಯಮಗಳು ಅದರ ನಂತರ. ರಕ್ಷಣಾ ಉಡುಪಿನ ಸರದಿ ಕಟ್ಟಕಡೆಗೆ. ಮಾಲೀಕರು ಅಗ್ಗವೆಂದು ಕೊನೆಯದರಿಂದ ಶುರು ಮಾಡಿದ್ದಾರೆ.

ಉಳಿದ ಅಪಾಯಗಳನ್ನು ಅಳೆಯಲು ಎರಡು ಪ್ರಶ್ನೆ ಸಾಕು: ಆಗುವ ಸಂಭವ ಎಷ್ಟು, ಆದರೆ ಹಾನಿ ಎಷ್ಟು? ಪಾತ್ರೆ ತೊಳೆಯುವಲ್ಲಿ ಕಾಲು ಜಾರುವುದು ದಿನನಿತ್ಯದ ಮಾತು. ಅನಿಲದ ಬೆಂಕಿ ಅಪರೂಪ. ಆದರೆ ನಿಮ್ಮ ಪಕ್ಕದ ಕುರ್ಲಾದಲ್ಲೇ 2015ರ ಅಕ್ಟೋಬರಿನಲ್ಲಿ ಹೋಟೆಲೊಂದಕ್ಕೆ ಬೆಂಕಿ ಬಿದ್ದು ಎಂಟು ಜನ ಸತ್ತರು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಚಾವಣಿಗೆ ಏರುತ್ತದೆ. ಸಿಲಿಂಡರ್ ಬಿಟ್ಟು ಕೊಳವೆಗೆ ಬದಲಾದರೆ ಸೋರಿಕೆ ಪತ್ತೆ ಮಾಡುವ ಉಪಕರಣವನ್ನೂ ಕೆಳಗಿನಿಂದ ಮೇಲಕ್ಕೆ ಸರಿಸಬೇಕು.

ಈ ಪಟ್ಟಿಯನ್ನು ಗಲ್ಲಾದಲ್ಲಿ ಕುಳಿತು ಬರೆಯಬೇಡಿ. ಭಟ್ಟರನ್ನು, ಕ್ಲೀನರ್ ಹುಡುಗರನ್ನು ಕರೆದು, ಯಾವ ಅವಘಡ ಕೂದಲೆಳೆಯ ಅಂತರದಲ್ಲಿ ತಪ್ಪಿತೆಂದು ಕೇಳಿ. ಬೈಗುಳ ಬೀಳುವುದಿಲ್ಲ ಎಂಬ ನಂಬಿಕೆ ಬಂದರೆ ಮಾತ್ರ ಬಾಯಿ ಬಿಡುತ್ತಾರೆ.

ಇನ್ನು ಆ ಹುಡುಗ. ವಯಸ್ಸು ಬರೆದಿಲ್ಲ ನೀವು. 14 ತುಂಬದವರನ್ನು ಹೋಟೆಲಿನಲ್ಲಿ ದುಡಿಸುವುದೇ ಅಪರಾಧ. ಕೆಲಸದಲ್ಲಿ ಆದ ಗಾಯಕ್ಕೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾನೂನು ನಮ್ಮಲ್ಲಿ 1923ರಿಂದ ಇದೆ. ಗಮನ ತಪ್ಪಿತ್ತು ಎಂಬ ಒಂದೇ ಮಾತಿನಿಂದ ಆ ಹೊಣೆ ಕಳೆಯುವುದಿಲ್ಲ. ಆಸ್ಪತ್ರೆಯ ಕಾಗದ, ಹಾಜರಿ ಪುಸ್ತಕ, ಸಂಬಳದ ಚೀಟಿ ಎಲ್ಲವನ್ನೂ ತೆಗೆದಿಡಿ. ಲೆಕ್ಕ ಇತ್ಯರ್ಥವಾಗುವ ಮೊದಲು ಅವನನ್ನು ಊರಿನ ಬಸ್ಸು ಹತ್ತಿಸಲು ಬಿಡಬೇಡಿ.