ಚೀನಾದವರೊಂದಿಗೆ ವ್ಯಾಪಾರಕ್ಕೆ ಇಳಿಯುವ ಮೊದಲು ಅವರ ಯಾವ ರೀತಿ-ರಿವಾಜುಗಳನ್ನು ಕಲಿಯಬೇಕು?

ಫೋಷಾನಿನ ಕಾರ್ಖಾನೆಯಿಂದ ಮೊದಲ ಬಾರಿಗೆ ಸರಕು ತರಿಸಲಿರುವ ನೀವು, ಅವರಿಗೆ ಮುಖಭಂಗವಾಗದಂತೆ ಮಾತನಾಡುವುದು ಹೇಗೆ ಎಂದು ಕೇಳಿದ್ದೀರಿ. 2016ರಲ್ಲಿ ನನ್ನ ತಲೆಯನ್ನು ತುಂಬಿದ್ದದ್ದೂ ಇದೇ ಚಿಂತೆ. ನಷ್ಟಕ್ಕೆ ಕಾರಣವಾದದ್ದೂ ಅದೇ.

ಮಂಗಳೂರಿನಲ್ಲಿ ನನ್ನದು ಬಾಗಿಲು-ಕಿಟಕಿಗಳ ಹಾರ್ಡ್‌ವೇರ್ ವ್ಯಾಪಾರ. ಆ ವರ್ಷದ ಅಕ್ಟೋಬರಿನಲ್ಲಿ ಗುವಾಂಗ್‌ಝೌ ನಗರದಲ್ಲಿ ನಡೆಯುವ ದೊಡ್ಡ ವ್ಯಾಪಾರ ಮೇಳವಾದ ಕ್ಯಾಂಟನ್ ಮೇಳಕ್ಕೆ ಹೊರಡುವ ಮುನ್ನ, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಗಳಿಂದ ಕೊಡಬೇಕು, ಗಡಿಯಾರವನ್ನು ಉಡುಗೊರೆಯಾಗಿ ಕೊಡಬಾರದು, ಅನ್ನದಲ್ಲಿ ಚಾಪ್‌ಸ್ಟಿಕ್ ನೆಡಬಾರದು ಎಂಬುದನ್ನೆಲ್ಲ ಪರೀಕ್ಷೆಗೆ ಕುಳಿತವನಂತೆ ಬಾಯಿಪಾಠ ಮಾಡಿದ್ದೆ. ಇವು ಸುಳ್ಳಲ್ಲ, ‘ಗಡಿಯಾರ ಕೊಡುವುದು’ ಎಂಬ ಮಾತು ಅವರ ಭಾಷೆಯಲ್ಲಿ ಅಂತ್ಯಕ್ರಿಯೆಗೆ ಸಂಬಂಧಿಸಿದ ಮಾತಿನಂತೆಯೇ ಕೇಳಿಸುತ್ತದೆ. ಆದರೆ ವಿದೇಶೀಯನೊಬ್ಬ ಇಂಥದರಲ್ಲಿ ಎಡವಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ನಾನು ಎಡವಿದ್ದು ಬೇರೆಡೆ.

ನಾನು ಮೆಚ್ಚಿದ ಹಿಂಜ್‌ನ ಮಾದರಿ 304 ದರ್ಜೆಯ, ಅಂದರೆ ನಿಕ್ಕಲ್ ಹೆಚ್ಚಿರುವ, ತುಕ್ಕನ್ನು ಚೆನ್ನಾಗಿ ತಡೆಯುವ ಸ್ಟೇನ್‌ಲೆಸ್ ಸ್ಟೀಲಿನದು. ರಾತ್ರಿ ಊಟದ ಮೇಜಿನಲ್ಲಿ, ಕಾರ್ಖಾನೆಯ ಮಾಲೀಕರ ಎದುರಿನಲ್ಲಿಯೇ, ಬೆಲೆಯನ್ನು ಶೇಕಡಾ 20ರಷ್ಟು ಇಳಿಸಬೇಕೆಂದು ಕೇಳಿದೆ. ಮ್ಯಾನೇಜರ್ ಚೆನ್ ಮೇಡಂ ಮಾಲೀಕರತ್ತ ತಿರುಗಿ ಎರಡು ಮಾತಾಡಿ, ‘ಮೇ ವೆನ್‌ತಿ’, ಅಂದರೆ ತೊಂದರೆಯಿಲ್ಲ ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದನ್ನು ಕಂಡು ನನಗೆ ಅನುಮಾನ ಬಂದದ್ದು ನಿಜ. ‘ಸ್ಟೀಲು ಅದೇ ತಾನೇ?’ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಯಜಮಾನರ ಮುಂದೆ ಹಾಗೆ ಕೇಳಿದರೆ ಅವರ ಮರ್ಯಾದೆಗೆ ಕುಂದು, ಸಂಬಂಧವೇ ಕೆಡುತ್ತದೆ ಎಂದು ಓದಿದ್ದರಿಂದ, ಮೀನಿನ ತುಂಡಿನೊಂದಿಗೆ ಅದನ್ನೂ ನುಂಗಿಕೊಂಡೆ. ಮರುದಿನ ಬಂದ, ಆರ್ಡರಿನ ವಿವರವಿರುವ ಮುಂಚಿತ ಬಿಲ್ಲಾದ ಪ್ರೊಫಾರ್ಮಾ ಇನ್‌ವಾಯ್ಸ್‌ನಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್ ಹಿಂಜ್, 4 ಇಂಚು’ ಎಂದಷ್ಟೇ ಇತ್ತು, ದರ್ಜೆಯ ಉಲ್ಲೇಖವಿರಲಿಲ್ಲ, ಆಗಲೂ ಕೇಳಲಿಲ್ಲ. ಸರಕು ಹೊರಡುವ ಮೊದಲು ತಪಾಸಣೆಗೆ ಹೊರಗಿನವರನ್ನು ಕಳುಹಿಸುವುದು ಅಪನಂಬಿಕೆಯ ಲಕ್ಷಣವಾದೀತೆಂದು ಅದನ್ನೂ ಬಿಟ್ಟೆ. ಶೇಕಡಾ 30 ಮುಂಗಡ ಕೊಟ್ಟಿದ್ದೆ. ಸರಕು ಹಡಗಿಗೆ ಏರಿದ್ದಕ್ಕೆ ದಾಖಲೆಯಾದ ಬಿಲ್ ಆಫ್ ಲೇಡಿಂಗ್‌ನ ಪ್ರತಿ ಕಂಡೊಡನೆ ಉಳಿದ 70ನ್ನೂ ಕಳುಹಿಸಿ, ಕೈಯಲ್ಲಿದ್ದ ಏಕೈಕ ಹಿಡಿತವನ್ನು ಕಳೆದುಕೊಂಡೆ. ಒಂದೇ ಸಂಕೋಚದಿಂದ ಮೂರು ಕಡೆ ಬಾಯಿ ಮುಚ್ಚಿಕೊಂಡಿದ್ದೆ ಎಂಬುದು ಹೊಳೆದದ್ದು ತೀರ ತಡವಾಗಿ.

2017ರ ಆಗಸ್ಟ್‌ನಲ್ಲಿ ಸುರತ್ಕಲ್‌ನ ಗ್ರಾಹಕರೊಬ್ಬರು ಮನೆಗೆ ಕರೆಸಿಕೊಂಡರು. ಬಿಳಿ ಬಣ್ಣದ ಬಾಗಿಲ ಮೇಲೆ ಪ್ರತಿ ಹಿಂಜ್‌ನ ಕೆಳಗೂ ಕಾಫಿ ಸೋರಿದಂತೆ ಕಂದು ಗೆರೆ ಇಳಿದಿತ್ತು. ಅಯಸ್ಕಾಂತ ಹಿಡಿದು ನೋಡಿದರೆ ಸ್ಟೀಲಿನ ದರ್ಜೆಯ ವ್ಯತ್ಯಾಸ ತಿಳಿಯುವುದಿಲ್ಲ. ದರ್ಜೆ ಗುರುತಿಸುವ ಪರೀಕ್ಷಾ ದ್ರಾವಣದ ಒಂದು ಹನಿ ಬಿಟ್ಟೊಡನೆ ಕೆಂಪಾಯಿತು. ಅದು 201: ದುಬಾರಿ ನಿಕ್ಕಲ್‌ನ ಒಂದು ಪಾಲಿನ ಜಾಗಕ್ಕೆ ಮ್ಯಾಂಗನೀಸ್ ಹಾಕಿದ ಸ್ಟೀಲು. ಒಳನಾಡಿನಲ್ಲಿ ಬಾಳಬಹುದಾದರೂ ಕಡಲ ಉಪ್ಪುಗಾಳಿಗೆ ತಡೆಯದು.

ಜಗಳಕ್ಕೆ ಸಿದ್ಧನಾಗಿಯೇ ವೀಚಾಟ್‌ನಲ್ಲಿ ಚಿತ್ರಗಳನ್ನು ಕಳುಹಿಸಿದೆ. ಚೆನ್ ಮೇಡಂ ಅವರ ಉತ್ತರದಲ್ಲಿ ಕೋಪವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ: ‘ಆ ಬೆಲೆಗೆ ಬರುವುದು 201. 304 ಬೇಕೆಂದು ನೀವು ಹೇಳಲಿಲ್ಲವಲ್ಲ?’ ತಾವಾಗಿಯೇ ತಿಳಿಸಬಹುದಿತ್ತು ಎಂಬ ಕೊರಗು ನನಗೆ ಇಂದಿಗೂ ಇದೆ. ಆದರೆ ಅವರ ಮಟ್ಟಿಗೆ, ಬೆಲೆ ಇಳಿಸಿ ಎಂದವನು ದರ್ಜೆಯನ್ನೂ ಇಳಿಸಿ ಎಂದೇ ಹೇಳಿದ್ದ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹತ್ತಾರು ದೇಶಗಳ ಖರೀದಿದಾರರನ್ನು ಕಂಡ ಆ ಕಾರ್ಖಾನೆಗಳಿಗೆ ತಪಾಸಣೆ ದಿನನಿತ್ಯದ ಕೆಲಸ. ನೇರ ಪ್ರಶ್ನೆಯಿಂದ ಅವರಿಗೆ ಅವಮಾನವಾಗುವುದಿಲ್ಲ. ತಪ್ಪನ್ನು ಹತ್ತು ಜನರೆದುರು ಎತ್ತಿ ಆಡದೆ ಪಕ್ಕಕ್ಕೆ ಕರೆದು ಹೇಳಿ, ಸಾಕು. ನಮ್ಮಲ್ಲಿಯೂ ಅದೇ ಸಭ್ಯತೆ. ದರ್ಜೆ, ದಪ್ಪ, ತೂಕಗಳನ್ನು ಬರೆಸಿ, ಕಂಪನಿಯ ಕೆಂಪು ಮೊಹರನ್ನು ಹಾಕಿಸಿಕೊಳ್ಳಿ. ಅಲ್ಲಿ ಸಹಿಗಿಂತ ಅದಕ್ಕೇ ಹೆಚ್ಚು ಬೆಲೆ. ಬಾಕಿ ಹಣವನ್ನು ತಪಾಸಣೆಯ ವರದಿ ಕೈಸೇರಿದ ನಂತರವೇ ಕಳುಹಿಸಿ.

ನಾನು ಈಗಲೂ ಚೆನ್ ಮೇಡಂ ಬಳಿಯೇ ಕೊಳ್ಳುತ್ತೇನೆ, 304ರ ಬೆಲೆ ಕೊಟ್ಟು. ಸಂಸ್ಕೃತಿಯ ಬಗ್ಗೆ ಏನಾದರೂ ಕಲಿಯಲೇಬೇಕೆಂದಿದ್ದರೆ ಅವರ ಹೊಸ ವರ್ಷದ ದಿನಾಂಕವನ್ನು ನೋಡಿಟ್ಟುಕೊಳ್ಳಿ: ಅದು ಪ್ರತಿ ವರ್ಷ ಬದಲಾಗುತ್ತದೆ, ಕಾರ್ಮಿಕರು ವಾರಗಟ್ಟಲೆ ಊರಿಗೆ ಹೋಗಿಬಿಡುತ್ತಾರೆ, ಮತ್ತು ಅದರ ಹಿಂದಿನ ತಿಂಗಳಲ್ಲಿ ಕೊಟ್ಟ ಆರ್ಡರ್ ಒಂದೋ ಅವಸರದಲ್ಲಿ ಮುಗಿಯುತ್ತದೆ, ಇಲ್ಲವೇ ಹಬ್ಬ ಕಳೆಯುವವರೆಗೂ ಕಾಯುತ್ತದೆ.